ರಿಯಾಯಿತಿ ಕಾಗದ ಬರೋಕೆ ಮುಂಚೆ ಕೊಟ್ಟ ಮುಂಗಡ

ನಮ್ಮಪ್ಪನಿಗೆ ವ್ಯಾಪಾರ ಗೊತ್ತಿಲ್ಲ ಅಂತ ಹನಗೋಡಿನಲ್ಲಿ ಯಾರೂ ಅನ್ನುತ್ತಿರಲಿಲ್ಲ. ಎತ್ತಾಗಲಿ ಗದ್ದೆಯಾಗಲಿ, ಕೈ ಬದಲಾಗಬೇಕಾದರೆ ಮಧ್ಯಸ್ಥಿಕೆಗೆ ಅವನನ್ನೇ ಕರೆಯುತ್ತಿದ್ದರು. ವೀಳ್ಯದೆಲೆ ಮೇಲೆ ಮುಂಗಡ ಇಟ್ಟು ಕೊಟ್ಟರೆ ಮುಗೀತು. ತಗೊಂಡವನು ಆಮೇಲೆ ಬೆಲೆ ಏರಿಸುವ ಹಾಗಿಲ್ಲ, ಮಾತು ತಪ್ಪಿದರೆ ಎರಡರಷ್ಟು ವಾಪಸ್ ಕೊಡಬೇಕು. ಇದೇ ವಿದ್ಯೆ ನಂಬಿಕೊಂಡು ಅಪ್ಪ ನನ್ನ ಸೀಟು ಹಿಡಿಯಲು ಮೈಸೂರಿಗೆ ಹೊರಟ.

ಪಿಯುಸಿ ಮುಗಿಸಿದ್ದೆ. ನರ್ಸಿಂಗ್ ಓದಬೇಕೆಂಬ ಹಠ ನನ್ನದೇ. ಆ ಖಾಸಗಿ ಕಾಲೇಜಿನವರು ಹಳ್ಳಿ ಮಕ್ಕಳಿಗೆ ಫೀಸಿನಲ್ಲಿ ರಿಯಾಯಿತಿ ಕೊಡ್ತೀವಿ ಅಂದಿದ್ದರು. ಎಷ್ಟು ಅನ್ನುವ ಕಾಗದ ಮಾತ್ರ ಬಂದಿರಲಿಲ್ಲ. ಅಷ್ಟರಲ್ಲಿ, ಸೀಟು ಬೇಕಿದ್ದರೆ ಈಗಲೇ ಅಡ್ವಾನ್ಸ್ ಕಟ್ಟಿ ಅಂತ ಫೋನು ಬಂತು.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಯಾಕೆ? ಕಾಗ್ದ ಬರ್ಲಿ, ತಡೀರಿ," ಅಂದಳು ಅವ್ವ, ರೊಟ್ಟಿ ತಟ್ಟುತ್ತಲೇ.

"ನಿಂಗೇನ್ ಗೊತ್ತಾದದು, ಬುಡು. ಮುಂಗಡ ಈಸ್ಕಂಡ ಮ್ಯಾಲೆ ಅವ್ರೇ ನಮ್ ಮಾತಿಗೆ ಕಟ್ಬೀಳ್ಬೇಕು," ಅಂದ ಅಪ್ಪ.

ಹೊರಡುವ ಹೊತ್ತಲ್ಲಿ ಅಡ್ಡಬಾಯಿ ಹಾಕ್ತಾಳಲ್ಲ ಅಂತ ನನಗೂ ಅವ್ವನ ಮೇಲೆ ಉರಿದುಹೋಯಿತು.

ಕಾಲೇಜಿನ ಕಚೇರಿಯಲ್ಲಿ ಅಪ್ಪ ಎಲೆ ಅಡಿಕೆ ಮೇಲೆ ದುಡ್ಡಿಟ್ಟು ಎರಡೂ ಕೈಯಲ್ಲಿ ನೀಡಿದ. ಗುಮಾಸ್ತ ದುಡ್ಡನ್ನು ಡ್ರಾಯರಿಗೆ ಹಾಕಿಕೊಂಡು, ಎಲೆಯನ್ನು ಪೆನ್ನಿನ ತುದಿಯಿಂದ ಮೇಜಿನ ಅಂಚಿಗೆ ತಳ್ಳಿದ. ಆಮೇಲೆ ನನ್ನ ಮಾರ್ಕ್ಸ್ ಕಾರ್ಡು, ಟಿಸಿ, ಎಲ್ಲದರ ಒರಿಜಿನಲ್ ಕೇಳಿದ. ಅಪ್ಪ ಅದನ್ನೂ ಕೊಟ್ಟ, ಅವನು ಮುಂದೆ ಚಾಚಿದ ಹಾಳೆಗೆ ಓದದೆ ಸೈನೂ ಹಾಕಿದ. ರಿಯಾಯಿತಿ ಎಷ್ಟು ಅಂತ ನಾನೇ ಕೇಳಿದೆ. ಗುಮಾಸ್ತ ತಲೆ ಎತ್ತದೆ "ಬರುತ್ತೆ" ಅಂದ. ಅಪ್ಪನಂತೂ ಮದುವೆ ಗೊತ್ತು ಮಾಡಿಕೊಂಡು ಬಂದವನ ಹಾಗೆ ನಗುತ್ತಾ ಹೊರಗೆ ಬಂದ.

ಕಾಗದ ಬರಲಿಲ್ಲ. ಫೋನು ಮಾಡಿದರೆ ಎತ್ತುತ್ತಿರಲಿಲ್ಲ, ಎತ್ತಿದರೆ ಇನ್ನೊಬ್ಬರನ್ನು ಕೇಳಿ ಅನ್ನುತ್ತಿದ್ದರು. ನನ್ನ ಜೊತೆಯವರೆಲ್ಲ ಹುಣಸೂರಿನ ಸರ್ಕಾರಿ ಡಿಗ್ರಿ ಕಾಲೇಜಿಗೆ ಸೇರಿ ಬಸ್ ಪಾಸು ಮಾಡಿಸಿಕೊಂಡರು. ಅಪ್ಪ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿಗೆ ಸೌದೆ ಒಟ್ಟುತ್ತಾ, ಫೋನು ಸದ್ದಾದರೆ ಸಾಕು, ಕೈಯಲ್ಲಿದ್ದದ್ದು ಬಿಟ್ಟು ಓಡಿಬರುತ್ತಿದ್ದ.

ಕೊನೆಗೂ ಬಂತು ಆ ಹಾಳು ಕಾಗದ. ಅವರು ಫೀಸಿನಲ್ಲಿ ಬಿಟ್ಟಿದ್ದು ನನ್ನ ಹಾಸ್ಟೆಲ್ ಊಟಕ್ಕೂ ಸಾಲದು. ಗದ್ದೆ ಮಾರಿದರೂ ನಾಲ್ಕು ವರ್ಷ ಎಳೆಯುವ ಹಾಗಿರಲಿಲ್ಲ. ಹುಣಸೂರಿನಲ್ಲಿ ಸೇರಲು ಮಾರನೆ ದಿನವೇ ಕಡೆ. ಅಲ್ಲಿಗಾದರೂ ಒರಿಜಿನಲ್ ಬೇಕೇ ಬೇಕು. ಮೊದಲ ಬಸ್ಸಿಗೇ ಇಬ್ಬರೂ ಮೈಸೂರಿಗೆ ಹೋದೆವು.

"ನಮ್ಗೆ ಸೀಟು ಬ್ಯಾಡ ಸಾ. ಮುಂಗಡ ನೀವೇ ಮಡಿಕ್ಕಳಿ, ಮಗೀನ ಕಾರ್ಡ್ ಕೊಟ್ಬುಡಿ," ಅಂದ ಅಪ್ಪ ಅದೇ ಗುಮಾಸ್ತನಿಗೆ.

"ವರ್ಷದ ಫೀಸು ಪೂರ್ತಿ ಕಟ್ಟಿ, ತಗೊಂಡ್ಹೋಗಿ."

"ಅದ್ಯಾವ ನ್ಯಾಯ ಸಾ? ಮಾತಾಡ್ದಂಗೆ ನಡ್ಕಳ್ದೋರು ನೀವು."

"ಬಿಟ್ಟು ಹೋಗ್ತಿರೋರು ನೀವು," ಅಂದ ಗುಮಾಸ್ತ. ಸೈನು ಹಾಕಿದ್ದ ಹಾಳೆ ತಿರುಗಿಸಿ ತೋರಿಸಿದ. ಸೀಟು ಬಿಟ್ಟರೆ ವರ್ಷದ ಫೀಸು ಪೂರ್ತಿ ಕಟ್ಟಬೇಕು ಅಂತ ಅದರಲ್ಲಿತ್ತು, ಸೈನು ಅಪ್ಪನದೇ.

ಅಪ್ಪ ಬಾಗಿಲಲ್ಲೇ ನಿಂತ. ಊಟದ ಹೊತ್ತಾಯಿತು, ಕಚೇರಿಯವರು ಹೋಗಿ ಬಂದರು. ಊರಿನಲ್ಲಿ ಯಾರ ಮುಂದೆಯೂ ದನಿ ತಗ್ಗಿಸದವನು ಜವಾನನ ಕೈಯನ್ನೂ ಹಿಡಿದುಕೊಂಡ. ನೋಡಲಾರದೆ ನಾನು ರಸ್ತೆಗೆ ಬಂದು ನಿಂತೆ.

ಬರಿಗೈಯಲ್ಲಿ ವಾಪಸ್ ಬರುವಾಗ ಬಸ್ಸು ಹುಣಸೂರಿನಲ್ಲಿ ನಿಂತಿತು. ಐದು ಗಂಟೆ ಮೀರಿತ್ತು, ಸೇರುವ ಗಡುವು ಮುಗಿದಿತ್ತು. ನಾವಿಬ್ಬರೂ ಇಳಿಯಲಿಲ್ಲ.

"ದುಡ್ಡಲ್ಲ ಕಣವ್ವಾ," ಅಂದ ಅಪ್ಪ, ನನ್ನ ಮುಖ ನೋಡದೆ. "ನಿನ್ನೇ ಅಡ ಇಟ್ಬುಟ್ಟು ಬಂದೆ."

ಆ ವರ್ಷ ನಾನು ಎಲ್ಲೂ ಓದಲಿಲ್ಲ.