ಎರಡು ವಾರಕ್ಕೆ ಹೊರಟ ಟೀಚರ್

ಹೊನ್ನಾಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಟೀಚರ್ ಇದ್ದರು. ಬೇಸಿಗೆ ರಜೆಯಲ್ಲಿ ಎರಡು ವಾರ ನೇಪಾಳದ ಒಂದು ಅನಾಥಾಶ್ರಮಕ್ಕೆ ಸೇವೆಗೆಂದು ಹೊರಟಿದ್ದರು. ಸೂಟ್‌ಕೇಸಿನ ಜಿಪ್ ಎಳೆಯುವುದು, ಮತ್ತೆ ತೆಗೆದು ಬಟ್ಟೆ ಸವರುವುದು, ಇದೇ ಆಗಿತ್ತು. "ನಾ ಹೋಗದು ತಪ್ಪಾಗ್ತೈತೇನ್ರಿ?" ಎಂದು ದಿನಾ ಕೇಳುತ್ತಿದ್ದರು. ವಿಮಾನದ ಭಯವಿರಬೇಕು ಅಂದುಕೊಂಡಿದ್ದೆ.

ಹೊರಡುವ ಹಿಂದಿನ ದಿನ ಅಲ್ಲಿನ ಮಕ್ಕಳಿಗೆಂದು ಒಂದಿಷ್ಟು ಬಲೂನು ಕೊಟ್ಟೆ. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು.

"ಇವನ್ನ ಕೊಟ್ರೆ ಮಕ್ಳು ನನ್ನ ಹಚ್ಕಂತಾವೆ. ಆಮೇಲೆ? ನಾನೂ ಅಂಥ ಆಶ್ರಮದಾಗೇ ಬೆಳೆದೋಳು ಕಣ್ರಿ. ಒಬ್ರು ಅಕ್ಕ ಸೇವೆಗೆ ಬಂದಿದ್ರು. ದಿನಾ ನನ್ನ ತಲೆ ಬಾಚೋರು. ಒಂದಿನ ಎದ್ದು ನೋಡಿದ್ರೆ ಇಲ್ಲ. ಆಮೇಲೆ ಬಾಳ ದಿನ ಯಾರ ಕೈಲೂ ನಾನು ತಲೆ ಬಾಚಿಸ್ಕಳ್ಲಿಲ್ಲ."

"ಹಂಗಾದ್ರೆ ಹೋಗ್ಬ್ಯಾಡ್ರಿ," ಎಂದೆ.

"ಹೋಗ್ತೀನಿ. ಆದ್ರೆ ವಾಪಸ್ ಬರೋ ದಿನ ಯಾವ್ದಂತ ಮಕ್ಳಿಗೆ ಮೊದ್ಲೇ ಹೇಳಿಬಿಡ್ತೀನಿ." ಹಾಗೆಂದು ಬಲೂನುಗಳನ್ನು ಸೂಟ್‌ಕೇಸಿಗೆ ಹಾಕಿ ಜಿಪ್ ಎಳೆದರು.

ಅಲ್ಲಿಗೆ ತಲುಪಿದ ಮರುದಿನ ಫೋನ್ ಮಾಡಿದರು. ದನಿ ಸಣ್ಣಗಾಗಿತ್ತು.

"ನಾ ಹೊರಡೋ ದಿನ ಯಾವ್ದಂತ ನಂಗೆ ಬರೋ ಹಿಂದೀಲೇ ಮಕ್ಳಿಗೆಲ್ಲ ಹೇಳಿದೆ ಕಣ್ರಿ. ಒಂದು ಸಣ್ಣ ಹುಡುಗಿ ಆಗಿಂದ ನನ್ನ ದುಪಟ್ಟಾ ಹಿಡ್ಕಂಡೇ ಕೂತೈತೆ. ಬಿಡ್ಸಾಕೆ ಮನಸ್ಸು ಬರ್ತಿಲ್ಲ."