ಮೇಡಂ ತೆಗೆಯದ ಬಾಗಿಲು

ಮೊನ್ನೆ ಸಯನ್‌ನ ದವಾಖಾನೆಯಲ್ಲಿ ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಹಚ್ಚಿದಾಗ, ಆ ವಾಸನೆಗೆ ನಮ್ಮ ಮೇಡಂ ನೆನಪಾದರು. ಪ್ರಯೋಗಾಲಯದಲ್ಲಿ ಲೋಹದ ವಸ್ತು ಅಚ್ಚು ಹಾಕುವ ತ್ರೀಡಿ ಪ್ರಿಂಟರಿನ ಗಾಜನ್ನು ದಿನಾ ಬೆಳಿಗ್ಗೆ ಅವರೇ ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದರು. ಆ ಕೆಲಸವನ್ನು ನಮಗೆ ಬಿಟ್ಟುಕೊಟ್ಟವರಲ್ಲ.

ನನ್ನ ಪಿಎಚ್.ಡಿ.ಗೆ ಅವರೇ ಗೈಡ್. ಧಾರವಾಡದ ಕಡೆಯವರು, ಮುಂಬಯಿಯಲ್ಲಿ ತಲೆ ನೆರೆತರೂ ಮಾತು ಬದಲಾಗಿರಲಿಲ್ಲ. ಇಡೀ ವಿಭಾಗದಲ್ಲಿ ಕನ್ನಡದವರು ನಾವಿಬ್ಬರೇ. ವಿಮಾನದ ಎಂಜಿನ್ನಿನ ಬಿಸಿ ತಾಳುವ ಬ್ಲೇಡು ಮಾಡಬೇಕೆಂಬುದು ಅವರ ಹಟ. ಒಂದು ಲೋಹ ಯಜಮಾನ, ಉಳಿದವು ಆಳು ಎಂಬ ಹಳೆಯ ಪದ್ಧತಿ ಬಿಟ್ಟು, ಐದು ಲೋಹಗಳನ್ನು ಸಮಪಾಲಿನಲ್ಲಿ ಬೆರೆಸಿದ ಪುಡಿ. ಅದನ್ನು ತೆಳ್ಳಗೆ ಹರಡಿ, ಲೇಸರಿನಿಂದ ಕರಗಿಸಿ, ಪದರದ ಮೇಲೆ ಪದರ ಕೂರಿಸುತ್ತಾ ಬ್ಲೇಡು ಬೆಳೆಸಬೇಕು. ಬೆಳೆಯುತ್ತಿತ್ತು, ಆದರೆ ತಣಿಯುವಾಗ ಸೀಳುತ್ತಿತ್ತು. ಹಾಗಾಗಿ ಮೇಡಂ ಪ್ರಿಂಟರಿನ ಬಾಗಿಲು ತೆಗೆಯದೆ, ಹೊರಗಾಳಿ ತಾಗದಂತೆ ಅದನ್ನು ಒಳಗೇ ದಿನವಿಡೀ ನಿಧಾನವಾಗಿ ಆರಿಸತೊಡಗಿದರು.

ಯೋಜನೆಗೆ ಹಣ ಕೊಡುತ್ತಿದ್ದ ಕಂಪನಿಯವರು ಬಂದ ದಿನ ಬ್ಲೇಡು ಮುಗಿದಿತ್ತು, ಆರಿರಲಿಲ್ಲ. ಅವರಿಗೆ ಊರಿಗೆ ಮರಳುವ ಅವಸರ. ನೋಡದೆ ಹೋದರೆ ಯೋಜನೆ ನಿಲ್ಲುತ್ತದೆಂದು ಎಲ್ಲರಿಗೂ ಗೊತ್ತಿತ್ತು. ವಿಭಾಗದ ಮುಖ್ಯಸ್ಥರು, "ಮ್ಯಾಡಮ್, ಜರಾ ಖೋಲ್ ದೀಜಿಯೇ," ಎಂದರು.

"ಠಂಡಾ ಹೋನೇ ದೀಜಿಯೇ, ಸರ್," ಎಂದ ಮೇಡಂ ಬಾಗಿಲಿಗೆ ಅಡ್ಡ ನಿಂತರು. ತೆಗೆದುಬಿಡೋಣ ಎಂದು ನಾನೂ ಮೆಲ್ಲಗೆ ಬೇಡಿಕೊಂಡೆ.

"ಬೇಯೋತನಕಾ ಕಾದೀವಿ. ಆರೋತನಕಾ ಕಾಯ್ಲಿಕ್ಕೆ ಆಗೂದಿಲ್ಲೇನವ್ವಾ?"

ಬಂದವರು ಚಹಾ ಕುಡಿದು ಹೊರಟುಹೋದರು.

ಮರುದಿನ ಬಾಗಿಲು ತೆಗೆದರೆ ಬ್ಲೇಡಿನಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಮೇಡಂ ಅದನ್ನು ಸೆರಗಿನಲ್ಲಿ ಹಿಡಿದು ಬಹಳ ಹೊತ್ತು ಕೂತರು. ಅಳುತ್ತಿದ್ದರೋ ಏನೋ... ನಾನು ಮುಖ ನೋಡಲಿಲ್ಲ. ಫೋಟೋ ಕಳಿಸಿದರೂ ಕಂಪನಿಯವರ ಮನಸ್ಸು ತಿರುಗಲಿಲ್ಲ. ಬ್ಲೇಡನ್ನು ಎಂಜಿನ್ನಿನಷ್ಟೇ ಬಿಸಿಯಲ್ಲಿ ವಾರಗಟ್ಟಲೆ ಇಟ್ಟು ನೋಡುವ ಪರೀಕ್ಷೆ ಹಾಗೇ ಉಳಿಯಿತು. ನಿವೃತ್ತಿಯ ದಿನ ಅದನ್ನು ನನ್ನ ಕೈಗಿಟ್ಟು, "ಎಲ್ಲೆರೆ ಛಲೋ ಕುಲುಮಿ ಸಿಕ್ಕರ ಇಟ್ಟು ನೋಡು," ಎಂದರು. ಮುಂದೆ ಕಾಯಿಲೆ ಬಿದ್ದರು. ಮತ್ತೊಂದು ಮಳೆಗಾಲ ಕಾಣಲಿಲ್ಲ.

ಈಗ ನಾನಿರುವ ಕಂಪನಿಯಲ್ಲಿ ಅಂಥ ಕುಲುಮೆಯಿದೆ. ಬಹಳ ಗೋಗರೆದ ಮೇಲೆ ಈ ವರ್ಷ ಒಪ್ಪಿಗೆ ಸಿಕ್ಕಿತು. ವಾರಗಟ್ಟಲೆ ಬೆಂದ ಬ್ಲೇಡು ಹೋದ ತಿಂಗಳು ಸೀಳದೆ ಹೊರಬಂತು. ಜೊತೆಯವರು "ಬಢಿಯಾ" ಎಂದು ಬೆನ್ನು ತಟ್ಟಿದರು. ನಗುತ್ತಲೇ ಲೋಕಲ್ ರೈಲು ಹತ್ತಿದೆ. ಕುರ್ಲಾ ದಾಟುವಾಗ ಅಳು ತಡೆಯಲಾಗಲಿಲ್ಲ.

ಎದುರಿಗಿದ್ದ ಹೆಂಗಸು, "ಕ್ಯಾ ಹುವಾ? ಬುರೀ ಖಬರ್ ಹೈ?" ಎಂದು ಕೇಳಿದಳು.

ಒಳ್ಳೆಯ ಸುದ್ದಿಯೇ ಎಂದೆ. ಯಾರಿಗೆ ಹೇಳಬೇಕೋ ಅವರೇ ಇಲ್ಲ ಎಂದೆ.