ಮಯೆತ್‌ಳ ಖಾಲಿ ಗುಳ್ಳೆ

ಹಾಂಕೆಯವರು ಕೋಟು ಬಿಚ್ಚಲಿಲ್ಲ. ಮೂರನೆಯ ಸಾಲಿನ ಕೊನೆಯಲ್ಲಿ, ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡರು. ಪರದೆಯ ಸಂದಿಯಿಂದ ನಾನು ನೋಡುತ್ತಿದ್ದೆ. ಭಾನುವಾರ ಬೆಳಗಿನ ಹತ್ತೂಕಾಲು. ಇನ್ನು ಕಾಲು ಗಂಟೆಗೆ ಬೊಂಬೆಯಾಟ ಶುರು.

"ಕೋಟು ತೆಗೆದ್ರಾ?" ಲಿಯೊಂತಿನ್ ನನ್ನ ಬೆನ್ನ ಹಿಂದಿನಿಂದ ಕೇಳಿದಳು.

"ಇಲ್ಲ."

"ಹೋದ ಸಲಾನೂ ತೆಗೆದಿರ್ಲಿಲ್ಲ."

"ಚಳಿ ಇರ್ಬೇಕು ಬಿಡು."

"ಚಳಿಯಂತೆ! ಬೆಳಗ್ಗೆ ಆರು ಗಂಟೆಗೆ ಒಲೆ ಹಚ್ಚಿದೋಳು ನಾನು. ನಂಗೇ ಹೇಳ್ತೀಯಾ ನೋಯೆಲ್?"

ಅವಳ ಬಲಗೈಯಲ್ಲಿ, ಸರಳಿನ ತುದಿಗೆ, ಬೊಂಬೆ ಮಯೆತ್ ತೂಗುತ್ತಿದ್ದಳು. ಇಪ್ಪತ್ತೆರಡು ವರ್ಷಗಳಿಂದ ನಾನು ಭಾನುವಾರಗಳಲ್ಲಿ ಅವಳ ಪಕ್ಕ ನಿಂತು ಬೊಂಬೆ ಹಿಡಿದಿದ್ದೇನೆ. ಉಳಿದ ದಿನ ನಮ್ಮ ಲಿಯೇಜ್ ನಗರದ ಬೀದಿಗಳಲ್ಲಿ ಬಸ್ಸು ಓಡಿಸಿದವನು.

ಲಿಯೊಂತಿನ್ ದಾರಿಮೋನ್‌ಗೆ ಆಗ ಅರವತ್ತೊಂದು. ಹೊಳೆಯಾಚೆಯ ನಮ್ಮ ಕೇರಿಯಲ್ಲಿ ಅವಳ ಅಪ್ಪ ನಗರದವರ ಹಳೆಯ ಕುದುರೆಲಾಯವೊಂದನ್ನು ಬಾಡಿಗೆಗೆ ಪಡೆದು ನಲವತ್ತು ಕುರ್ಚಿಯ ಬೊಂಬೆಮನೆ ಮಾಡಿದ್ದ. ಅವಳಿಗೆ ಇಪ್ಪತ್ತಮೂರಾಗಿದ್ದಾಗ, ಒಂದು ಭಾನುವಾರ, ಆಟದ ಯುದ್ಧದ ದೃಶ್ಯದ ನಡುವೆ ಅಪ್ಪನ ಗಂಟಲು ಕಟ್ಟಿತು. ಅವನ ಕೈಯ ಚಕ್ರವರ್ತಿ ಬೊಂಬೆ ಅರ್ಧ ವಾಕ್ಯದಲ್ಲಿ ನಿಂತುಬಿಟ್ಟಿತು. ಪಕ್ಕದಲ್ಲಿ ಸೈನಿಕನನ್ನು ಹಿಡಿದು ನಿಂತಿದ್ದ ಲಿಯೊಂತಿನ್ ಉಳಿದರ್ಧ ವಾಕ್ಯವನ್ನು ಹೇಳಿದಳು. ಅಂದಿನಿಂದ ಚಕ್ರವರ್ತಿ, ದ್ರೋಹಿ, ರಾಣಿ, ಕುದುರೆ ಎಲ್ಲರ ದನಿಯೂ ಅವಳದೇ. ಮನೆಯಲ್ಲಿ ಮಾತ್ರ ಮಾತು ಕಡಿಮೆ. "ನನ್ನ ಹೆಂಡ್ತಿ ಮಾತು ಕೇಳ್ಬೇಕಂದ್ರೆ ನಾನೂ ಟಿಕೆಟ್ ತಗೋಬೇಕು" ಎನ್ನುತ್ತಿದ್ದ ಅವಳ ಗಂಡ, ಬದುಕಿದ್ದಾಗ.

ನಮ್ಮ ಬೊಂಬೆಗಳಿಗೆ ದಾರವಿಲ್ಲ. ನೆತ್ತಿಗೆ ನಾಟಿದ ಒಂದೇ ಕಬ್ಬಿಣದ ಸರಳು; ಕೈಕಾಲು ತಮ್ಮಷ್ಟಕ್ಕೆ ತೂಗುತ್ತವೆ. ಪದವಿ ದೊಡ್ಡದಾದಷ್ಟೂ ಬೊಂಬೆ ದೊಡ್ಡದು. ಬಾಯಿ ಯಾವುದಕ್ಕೂ ಕದಲುವುದಿಲ್ಲ. ಆದ್ದರಿಂದ ಮಾತಾಡುವ ಬೊಂಬೆ ಮಾತ್ರ ಅಲುಗಬೇಕು, ಉಳಿದವು ಕಲ್ಲಿನಂತೆ ನಿಲ್ಲಬೇಕು. ಅಲುಗಿದವನೇ ಮಾತಾಡುವವನು ಎಂಬುದು ನಮ್ಮ ಕೇರಿಯ ಮಗುವಿಗೂ ಗೊತ್ತು. ಈ ಒಂದು ನಿಯಮವೇ ಆ ಚಳಿಗಾಲ ಅವಳ ಕೊರಳಿಗೆ ಬಿದ್ದಿತ್ತು.

ಗಿಸ್ಲಾನ್ ಹಾಂಕೆಯವರು ಮೂವತ್ತೆಂಟು ವರ್ಷ, ಶನಿವಾರ ಶನಿವಾರ, ಪತ್ರಿಕೆಯ ಕೊನೆಯ ಪುಟದಲ್ಲಿ ಆರು ಚೌಕಗಳ ಕಾಮಿಕ್ಸ್ ಬರೆದವರು. ಅದರ ನಾಯಕಿ ಮಯೆತ್, ಗಣಿಯ ಬಾಯಲ್ಲಿ ಕಲ್ಲು ಬೇರೆ, ಕಲ್ಲಿದ್ದಲು ಬೇರೆ ಮಾಡುವ ಹುಡುಗಿ. ಆರನೆಯ ಚೌಕದಲ್ಲಿ ಅವಳ ತಲೆಯ ಮೇಲೆ ಮಾತಿನ ಗುಳ್ಳೆ ಇರುತ್ತಿತ್ತು. ಗುಳ್ಳೆಯೊಳಗೆ ಏನೂ ಇರುತ್ತಿರಲಿಲ್ಲ. ಮನೆಮನೆಗಳಲ್ಲಿ ಕಾಫಿ ಕುಡಿಯುತ್ತ ಜನ ಅದನ್ನು ತಾವೇ ತುಂಬಿಕೊಳ್ಳುತ್ತಿದ್ದರು. ನನ್ನ ಅತ್ತೆಯಂತೂ ಪೆನ್ಸಿಲಿನಲ್ಲಿ ಬರೆದೇಬಿಡುತ್ತಿದ್ದಳು.

ರಾಜರ ಕಥೆಗಳಿಗೆ ಮಕ್ಕಳು ಬರುವುದು ನಿಂತಿತ್ತು. ಎರಡು ವರ್ಷದೊಳಗೆ ಹೊಸ ಆಟ ಬಾರದಿದ್ದರೆ ಲಾಯವನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ನಗರದ ಕಚೇರಿಯವರು ಹೇಳಿಯಾಗಿತ್ತು. ಲಿಯೊಂತಿನ್ ಮಯೆತ್‌ಳನ್ನು ಆರಿಸಿಕೊಂಡಳು. ಒಂದು ವರ್ಷ ಕೂತು ಹನ್ನೊಂದು ಬೊಂಬೆ ಕೆತ್ತಿದಳು. ಗಣಿಯ ಯಜಮಾನ ನನ್ನ ಸೊಂಟದೆತ್ತರ, ಹದಿನಾಲ್ಕು ಕಿಲೋ ಭಾರ. ಮಯೆತ್ ಒಂದೂವರೆ ಗೇಣು, ಕಾಲಿಗೆ ಮರದ ಮೆಟ್ಟು. ಇನ್ನು ಬೇಕಿದ್ದದ್ದು ಹಾಂಕೆಯವರ ಒಪ್ಪಿಗೆಯ ಸಹಿಯೊಂದೇ.

ನವೆಂಬರಿನಲ್ಲಿ ಅವರು ಅಭ್ಯಾಸ ನೋಡಲು ಬಂದರು. ದೃಶ್ಯ ಹೀಗಿತ್ತು: ಕಲ್ಲಿದ್ದಲು ಸಾಗುವ ಯಂತ್ರದ ಪಟ್ಟಿಯನ್ನು ಯಾರೋ ನಿಲ್ಲಿಸಿದ್ದಾರೆ. ಯಜಮಾನ ಬಂದು ಗದರುತ್ತಾನೆ: ಯಾರು ನಿಲ್ಲಿಸಿದ್ದು? ಮಯೆತ್ ಮುಂದೆ ಬರುತ್ತಾಳೆ. ಮುಂದೆ ಬಂದ ಬೊಂಬೆ ಅಲುಗಬೇಕು, ಅಲುಗಿದ್ದು ಮಾತಾಡಬೇಕು. ಲಿಯೊಂತಿನ್‌ಳ ಬಾಯಿಂದ ತಾನಾಗಿ ಬಂತು: "ನಾನೇ, ನಾನೇ ನಿಲ್ಲಿಸಿದ್ದು."

ಹಾಂಕೆಯವರು ಎದ್ದರು. "ಮದಾಮ್, ಮೂವತ್ತೆಂಟು ವರ್ಷದಲ್ಲಿ ನಾನೇ ಅವಳ ಬಾಯಿಗೆ ಒಂದಕ್ಷರ ಹಾಕ್ಲಿಲ್ಲ. ನೀವು ಒಂದೇ ಮಧ್ಯಾಹ್ನದಲ್ಲಿ ಹಾಕ್ಬಿಟ್ರಿ."

"ಮಾತಿಲ್ದೆ ಇದ್ರೆ ನಮ್ಮಲ್ಲಿ ಬೊಂಬೆ ಸತ್ತ ಹಾಗೆ, ಸ್ವಾಮಿ."

"ಅದು ನಿಮ್ಮ ಕಷ್ಟ. ಇನ್ನೊಂದ್ಸಲ ಬರ್ತೀನಿ. ಜನರ ಮುಂದೆ ಆಡಿ. ಅವಳ ಬಾಯಿಂದ ಒಂದು ಮಾತು ಬಂತೋ, ಎದ್ದು ಹೋಗ್ತೀನಿ." ಸಹಿಯಿಲ್ಲದ ಕಾಗದ ಕುರ್ಚಿಯ ಮೇಲೆಯೇ ಉಳಿಯಿತು.

ನಾನು ರಟ್ಟಿನಲ್ಲಿ ಬಿಳಿ ಗುಳ್ಳೆ ಕತ್ತರಿಸಿ ಮಯೆತ್‌ಳ ತಲೆಯ ಮೇಲೆ ತೂಗುಹಾಕಿದೆ. ಲಿಯೊಂತಿನ್ ಓರೆಯಾಗಿ ನೋಡಿದಳು. "ಒಣಹಾಕಿದ ಒಳಲಂಗ ಇದ್ದಂಗಿದೆ. ತೆಗಿ."

"ಹಾಗಾದ್ರೆ ಅವಳನ್ನ ಅಲುಗಿಸ್ಬೇಡ."

"ಅಲುಗದೆ ನಿಲ್ಲೋಕೆ ಅವಳೇನು ಗೋಡೆ ಮೊಳೆಯಾ?"

"ಮತ್ತೇನ್ಮಾಡ್ತೀಯ?"

"ಗೊತ್ತಿಲ್ಲ. ನೀನು ಯಜಮಾನನ್ನ ಅಲ್ಲಾಡಿಸ್ಬೇಡ, ಅಷ್ಟು ಮಾಡು ಸಾಕು."

ಹಾಂಕೆಯವರು ಮತ್ತೆ ಬಂದ ಆ ಭಾನುವಾರ ಕುರ್ಚಿಗಳೆಲ್ಲ ತುಂಬಿದ್ದವು. ಮಯೆತ್ ಹೆಸರು ಕೇಳಿ ಮುದುಕರು ಮೊಮ್ಮಕ್ಕಳನ್ನು ಕರೆತಂದಿದ್ದರು. ಮೊದಲ ಸಾಲಿನ ನಡುವೆ, ಯಾವತ್ತಿನ ಜಾಗದಲ್ಲಿ, ಮದಾಮ್ ಫ್ಲೆರೋನ್ ಹೆಣಿಗೆ ಹಿಡಿದು ಕುಳಿತಿದ್ದಳು. ಆಟದುದ್ದಕ್ಕೂ ಹೆಣೆಯುತ್ತಾಳೆ, ತಲೆಯೆತ್ತುವುದು ಅಪರೂಪ.

ಮೊದಲ ಅಂಕ ಸರಾಗವಾಗಿ ಹೋಯಿತು. ಮೇಸ್ತ್ರಿ ಬೈದ, ಹುಡುಗಿಯರು ಅಳುಕಿದರು, ಜನ ನಕ್ಕರು. ಮಯೆತ್ ಗುಂಪಿನ ಅಂಚಿನಲ್ಲಿ ಕದಲದೆ ನಿಂತಿದ್ದಳು. ನಡುವೆ ಒಮ್ಮೆ ನಾನು ಸಂದಿಯಿಂದ ನೋಡಿದೆ. ಹಾಂಕೆಯವರ ಮುಖದಲ್ಲಿ ಏನೂ ಇರಲಿಲ್ಲ.

ಎರಡನೆಯ ಅಂಕ. ಗೆಳತಿಯೊಬ್ಬಳ ಕೈ ಸಿಕ್ಕಿಕೊಂಡಿತು, ಕಿರುಚಾಟ, ಪಟ್ಟಿ ನಿಂತಿತು. ನಾನು ಯಜಮಾನನನ್ನು ಎರಡೂ ಕೈಯಲ್ಲಿ ಹೊತ್ತು ರಂಗಕ್ಕಿಳಿಸಿದೆ. ಲಿಯೊಂತಿನ್ ತನ್ನ ಅಪ್ಪನ ದಪ್ಪ ದನಿಯಲ್ಲಿ ಗುಡುಗಿದಳು: "ಯಾರು ನಿಲ್ಲಿಸಿದ್ದು?"

ಮಯೆತ್ ಮುಂದೆ ಬಂದಳು. ಮರದ ಮೆಟ್ಟು ಹಲಗೆಯ ಮೇಲೆ ಟಕ್ ಟಕ್ ಎಂದಿತು. ನಡುವೆ ನಿಂತು, ಮಾತಾಡುವ ಬೊಂಬೆ ಅಲುಗುವಂತೆಯೇ ಅಲುಗಿದಳು.

ದನಿಯಿಲ್ಲ.

ಪಕ್ಕದಲ್ಲಿ ಲಿಯೊಂತಿನ್‌ಳ ತುಟಿ ತೆರೆಯಿತು. ಮೂವತ್ತೆಂಟು ವರ್ಷದ ಅಭ್ಯಾಸ. ಕೈ ಅಲುಗಿದರೆ ಗಂಟಲು ಹಿಂಬಾಲಿಸುತ್ತದೆ. ಅವಳು ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

"ಜೋರಾಗಿ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ಕೇಳಿಸ್ತಿಲ್ಲ ಲಿಯೊಂತಿನ್! ಗಂಟಲು ಹೋಯ್ತಾ?"

"ಒಂದು ಗುಟುಕು ಪೆಕೆ ಸಾರಾಯಿ ಕೊಡ್ರೋ ಅವಳಿಗೆ, ಬರುತ್ತೆ ದನಿ!"

ನಗೆ ಎದ್ದಿತು. ನಮ್ಮ ಜನ ಕೆಟ್ಟವರಲ್ಲ. ಅಲುಗಿದ ಬೊಂಬೆಗೆ ದನಿ ಬರದಿದ್ದರೆ ದನಿ ಕೊಡುವವಳಿಗೇ ಏನೋ ಆಗಿದೆ ಎಂದಲ್ಲದೆ ಅವರು ಇನ್ನೇನು ತಿಳಿದಾರು? ಅವಳ ಅಪ್ಪನ ಗಂಟಲು ಕಟ್ಟಿದ ದಿನವೂ ಇಲ್ಲಿದ್ದ ಮುದುಕರು ಆತಂಕದಿಂದ ಒಬ್ಬರನ್ನೊಬ್ಬರು ನೋಡಿಕೊಂಡರು. ಆಗ ಕುರ್ಚಿಯೊಂದು ಕಿರುಗುಟ್ಟಿತು. ಹಾಂಕೆಯವರು ಎದ್ದು ನಿಂತಿದ್ದರು.

ನನ್ನ ಭುಜ ಉರಿಯುತ್ತಿತ್ತು. ಹದಿನಾಲ್ಕು ಕಿಲೋ ಗಾಳಿಯಲ್ಲಿ. ತುಸು ನಡುಗಿದರೂ ಯಜಮಾನ ಮಾತಾಡಿದ ಹಾಗೆ. ಎಲ್ಲರ ಕಣ್ಣು ಅವನತ್ತ ತಿರುಗಿದರೆ ಮಯೆತ್‌ಳ ಆಟ ಮುಗಿದಂತೆ. ನಾನು ಉಸಿರು ಬಿಗಿಹಿಡಿದೆ. "ಏನಾದ್ರೂ ಹೇಳೇ" ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಲಿಯೊಂತಿನ್ ಹೇಳಿದಳು. ಆದರೆ ಮಯೆತ್‌ಳ ದನಿಯಲ್ಲಲ್ಲ. ಮೊಣಕೈಯಿಂದ ನನ್ನನ್ನು ತಿವಿದಳು. ನಾನು ಯಜಮಾನನನ್ನು ಅಲುಗಿಸಿದೆ. ಅವನ ದಪ್ಪ ದನಿ ಕೇಳಿತು, ಬರಹದಲ್ಲಿ ಎಲ್ಲಿಯೂ ಇಲ್ಲದ ಮಾತು: "ನಂಗೂ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ನಗೆ ಅರ್ಧಕ್ಕೆ ನಿಂತಿತು. ಮಯೆತ್ ಒಂದು ಹೆಜ್ಜೆ ಯಜಮಾನನತ್ತ ಇಟ್ಟಳು. ಮತ್ತೆ ಅಲುಗಿದಳು, ಈ ಸಲ ಚಿಕ್ಕದಾಗಿ, ಎರಡೇ ಸಲ. ಒಲೆಯಲ್ಲಿ ಇದ್ದಿಲು ಕುಸಿದದ್ದು ಕೇಳಿಸಿತು.

ಮದಾಮ್ ಫ್ಲೆರೋನ್‌ಳ ಸೂಜಿಗಳು ನಿಂತವು. ಅವಳು ತಲೆಯೆತ್ತಿ ಯಜಮಾನನನ್ನು ದಿಟ್ಟಿಸಿದಳು.

"ನಾನೇ ಅಂದ್ಲಲ್ಲೋ! ಕಿವಿ ಎಲ್ಲಿಟ್ಟಿದೀಯಾ, ಹಂದಿ?"

"ಅಲ್ಲ ಅಲ್ಲ," ಹಿಂದಿನಿಂದ ಗಂಡಸಿನ ದನಿ, "ಆ ಹುಡುಗಿ ಕೈ ನೋಡು ಅಂತಿದಾಳೆ."

"ಅವ್ಳಿಗೆ ಮನೆಗೆ ಹೋಗ್ಬೇಕಂತೆ," ಎಂದಿತು ಒಂದು ಮಗು, ಸಂಶಯವೇ ಇಲ್ಲದಂತೆ.

"ಹೇಳೇ ಮಯೆತ್, ಹೆದರ್ಬೇಡ!"

ಲಿಯೊಂತಿನ್ ಯಜಮಾನನ ಬಾಯಿಂದ ಒಬ್ಬೊಬ್ಬರಿಗೂ ಉತ್ತರ ಕೊಡುತ್ತ ಹೋದಳು. ಗದರಿದಳು, ಹೀಯಾಳಿಸಿದಳು, ಸೋತಳು. ಮಯೆತ್ ಅಲುಗಿದಾಗಲೆಲ್ಲ ಲಾಯದ ಬೇರೆ ಬೇರೆ ಮೂಲೆಯಿಂದ ದನಿ ಬಂತು. ಕೊನೆಯಲ್ಲಿ ಯಜಮಾನ ಹಿಂದೆ ಸರಿದಾಗ ನನ್ನ ತೋಳಿನಲ್ಲಿ ಜೀವವಿರಲಿಲ್ಲ. ಲಿಯೊಂತಿನ್‌ಳ ಗದ್ದದ ಮೇಲೆ ಸಣ್ಣ ರಕ್ತದ ಗೆರೆ ಇತ್ತು.

ಜನ ಹೊರಟ ಮೇಲೆ ಹಾಂಕೆಯವರು ಪರದೆಯ ಹಿಂದೆ ಬಂದರು. ಕೋಟು ಮೈಮೇಲೆಯೇ ಇತ್ತು. ಮೊಳೆಗೆ ನೇತುಹಾಕಿದ್ದ ಮಯೆತ್‌ಳನ್ನು ನೋಡುತ್ತ ಬಹಳ ಹೊತ್ತು ನಿಂತರು.

"ಎದ್ದು ನಿಂತಿದ್ರಿ," ಎಂದಳು ಲಿಯೊಂತಿನ್. ಅವಳಿಗೆ ತಡೆದುಕೊಳ್ಳಲು ಆಗಲಿಲ್ಲ.

"ಹೋಗೋಕೇ ಎದ್ದಿದ್ದು. ಆ ನಗು ಕೇಳಕ್ಕಾಗ್ಲಿಲ್ಲ. ಆಮೇಲೆ ಕೂರೋದು ಮರೆತೆ." ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದರು: "ಹೆಣಿಗೆಯ ಆ ಹೆಂಗಸು ಯಾರು?"

"ಮದಾಮ್ ಫ್ಲೆರೋನ್. ಹುಡುಗಿಯಾಗಿದ್ದಾಗ ನಾಲ್ಕು ವರ್ಷ ಗಣಿಯಲ್ಲಿ ಕಲ್ಲಿದ್ದಲು ಆರಿಸಿದಾಳೆ."

"ಗೊತ್ತಾಯ್ತು. ನಮ್ಮಕ್ಕ ಹನ್ನೊಂದು ವರ್ಷ ಆರಿಸಿದ್ಲು. ಯಂತ್ರದ ಆ ಸದ್ದಲ್ಲಿ ದನಿ ಕೇಳಲ್ಲ ಅಂತ ಅವರೆಲ್ಲ ತುಟಿಯಲ್ಲೇ ಮಾತಾಡ್ತಿದ್ರು. ಅವಳು ಮನೆಗೆ ಬಂದ ಮೇಲೂ ಹಾಗೇ. ಊಟದ ಮುಂದೆ ಕೂತು ತುಟಿ ಅಲ್ಲಾಡಿಸೋಳು. ಅಮ್ಮ ಒಂದು ತಿಳ್ಕೊಳ್ಳೋಳು, ನಾನೊಂದು. ಏನು ಹೇಳ್ತಿದ್ಲು ಅಂತ ನಾನು ಬರೆದ್ರೆ ಸುಳ್ಳಾಗ್ತಿತ್ತು."

ಲಿಯೊಂತಿನ್ ಕಾಗದ ಮುಂದಿಟ್ಟಳು. ಅವರು ಪೆನ್ನು ತೆಗೆದರು, ಆದರೆ ಬರೆಯಲಿಲ್ಲ.

"ಒಂದು ಷರತ್ತು. ಜನ ಇವತ್ತು ಹೇಳಿದ್ದನ್ನ ಬರೆದಿಟ್ಟು ಮುಂದಿನ ವಾರ ಹೇಳಿಸ್ಬಾರ್ದು. ಯಾರೂ ಏನೂ ಹೇಳ್ದೆ ಹೋದ್ರೆ, ಕಾಯ್ಬೇಕು. ಎಷ್ಟು ಹೊತ್ತಾದ್ರೂ."

ಬೊಂಬೆ ಇಳಿಸಿದ ಕೂಡಲೇ ನಾನು ಆಟದ ಪುಸ್ತಕದ ಅಂಚಿನಲ್ಲಿ ಮದಾಮ್ ಫ್ಲೆರೋನ್‌ಳ ಮಾತನ್ನು ಪೆನ್ಸಿಲಿನಿಂದ ಗೀಚಿಕೊಂಡಿದ್ದೆ, 'ಹಂದಿ' ಎಂಬ ಬೈಗುಳದ ಸಮೇತ. ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಲಿಯೊಂತಿನ್ ಅದನ್ನು ಕಂಡಳು. ಹೆಬ್ಬೆರಳನ್ನು ನಾಲಗೆಗೆ ತಾಗಿಸಿ, ಆ ಸಾಲನ್ನು ಉಜ್ಜಿದಳು. ಅಳಿಸುವವರೆಗೂ ಉಜ್ಜಿದಳು, ಕಾಗದ ಒಂದೆಡೆ ತೂತೇ ಆಯಿತು.

ಹಾಂಕೆಯವರು ಸಹಿ ಹಾಕಿದರು. ಆಮೇಲೆ ಕೋಟು ಬಿಚ್ಚಿ ಕಾಫಿ ಕೇಳಿದರು.

ಮುಂದಿನ ಭಾನುವಾರ ಮಳೆ. ಬಂದದ್ದು ಹದಿನಾರು ಜನ, ಎಲ್ಲ ಹೊಸಬರು. ಯಜಮಾನ ಕೇಳಿದ, ಮಯೆತ್ ಅಲುಗಿದಳು, ಯಾರೂ ಬಾಯಿ ಬಿಡಲಿಲ್ಲ. ಲಿಯೊಂತಿನ್ ತುಟಿ ಕಚ್ಚಿಕೊಂಡು, ಕಣ್ಣು ಮುಚ್ಚಿ, ಸರಳು ಹಿಡಿದು ನಿಂತಳು. ನನ್ನ ಭುಜ ಮತ್ತೆ ಉರಿಯತೊಡಗಿತು. ನಾವು ಕಾದೆವು.